ಗಾಂಜಾ ಕಂಪನಿಯ ಷೇರು, ಒಳಗಿನವರ ಮಾರಾಟ, ಕರಗುವ ದುಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಅಕ್ಟೋಬರ್ 17ರಂದು ಕೆನಡಾದಲ್ಲಿ ಗಾಂಜಾ ಮಾರಾಟ ಕಾನೂನುಬದ್ಧವಾಯಿತು. ಅದಾಗಿ ಎರಡು ವಾರಕ್ಕೆ ನಮ್ಮ ರಾಜ್ಯೋತ್ಸವ. ಆ ವರ್ಷ ಊಟದ ಸಾಲಿನಲ್ಲಿ ನಿಂತವರೆಲ್ಲ ಗಾಂಜಾ ಷೇರಿನ ಮಾತೇ ಆಡುತ್ತಿದ್ದರು. ನಾನು ಟೊರೊಂಟೊ ಹತ್ತಿರ ಲೆಕ್ಕಪತ್ರದ ಕೆಲಸ ಮಾಡುವವಳು. ಲೆಕ್ಕ ಗೊತ್ತಿದ್ದೂ ನಾನೂ ಒಂದು ಕಂಪನಿಯ ಷೇರು ಕೊಂಡೆ, ಕಳೆದುಕೊಂಡೆ. ಅಂದಿನಿಂದ ಯಾವುದಾದರೂ ಗಾಂಜಾ ಷೇರು ಬಿದ್ದಾಗಲೆಲ್ಲ ಪರಿಚಯದವರು ಫೋನ್ ಮಾಡುತ್ತಾರೆ. "ಅಕ್ಕಾ, ಒಳಗಿನವರು ಮೊದಲೇ ಮಾರಿಕೊಂಡು ಜಾಗ ಖಾಲಿ ಮಾಡಿದ್ರಂತೆ, ನಿಜವಾ?" ಅಂತ ಕೇಳುತ್ತಾರೆ. ಇಷ್ಟು ವರ್ಷ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಗಾಂಜಾ ಮಾರುವ ಕಂಪನಿ ಷೇರುಪೇಟೆಯಲ್ಲಿ ಇರುವುದೇ ವಿಚಿತ್ರ. ಇದು ಸರಿಯಾ?

ಕೆನಡಾದಲ್ಲಿ ಸರಿ. ಅಲ್ಲಿ ಬೆಳೆಯಲು, ಸಂಸ್ಕರಿಸಲು ಹೆಲ್ತ್ ಕೆನಡಾ ಎಂಬ ಕೇಂದ್ರ ಇಲಾಖೆಯ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಹಲವು ರಾಜ್ಯಗಳು ಒಪ್ಪಿದ್ದರೂ ಕೇಂದ್ರ ಕಾನೂನು ಒಪ್ಪಿಲ್ಲ. ಅದಕ್ಕೇ ಅಮೆರಿಕದ ನೆಲದಲ್ಲಿ ಗಾಂಜಾ ಮಾರುವ ಕಂಪನಿಗಳು ನ್ಯೂಯಾರ್ಕ್‌ನ ದೊಡ್ಡ ಪೇಟೆ ಬಿಟ್ಟು ಕೆನಡಾದ ಸಣ್ಣ ಪೇಟೆಗಳಲ್ಲಿ ಷೇರು ನೋಂದಾಯಿಸಿದವು. ಭಾರತದಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಜಾರಿಯಲ್ಲಿದೆ. ಹೂವಿನ ತುದಿ, ಅಂದರೆ ಗಾಂಜಾ, ನಿಷಿದ್ಧ. ಬರೀ ಎಲೆ ಮತ್ತು ಬೀಜ ಆ ಕಾಯ್ದೆಯ ಗಾಂಜಾ ವ್ಯಾಖ್ಯೆಯೊಳಗೆ ಬರುವುದಿಲ್ಲ. ಉತ್ತರ ಭಾರತದಲ್ಲಿ ಭಂಗಿ ಅಂಗಡಿ ಇರುವುದು ಹಾಗಾಗಿ.

ಇನ್‌ಸೈಡರ್ ಟ್ರೇಡಿಂಗ್ ಅಂದರೆ ಎಲ್ಲವೂ ಅಪರಾಧವಾ?

ಅಲ್ಲ. ಈ ಗೊಂದಲ ಬಿಡಿಸಿಕೊಂಡರೆ ಉಳಿದದ್ದೆಲ್ಲ ಸುಲಭ.

ಕಂಪನಿಯ ನಿರ್ದೇಶಕರು, ಹಿರಿಯ ಅಧಿಕಾರಿಗಳು, ಶೇ 10ಕ್ಕಿಂತ ಜಾಸ್ತಿ ಷೇರು ಇಟ್ಟುಕೊಂಡವರು, ಇವರೆಲ್ಲ ಕಾನೂನಿನ ಕಣ್ಣಿನಲ್ಲಿ ಒಳಗಿನವರು. ಇವರು ಷೇರು ಕೊಳ್ಳಬಹುದು, ಮಾರಬಹುದು. ಆದರೆ ಅದನ್ನು ಎಲ್ಲರಿಗೂ ಕಾಣುವಂತೆ ಬರೆದು ಕೊಡಬೇಕು. ಕೆನಡಾದಲ್ಲಿ ಸಾಮಾನ್ಯವಾಗಿ 5 ದಿನದೊಳಗೆ, ಅಮೆರಿಕದಲ್ಲಿ 2 ಕೆಲಸದ ದಿನದೊಳಗೆ. ಇಷ್ಟು ಮಾಡಿದರೆ ಅದು ನೇರವಾದ ವಹಿವಾಟು.

ಅಪರಾಧ ಆಗುವುದು ಬೇರೆ ಕಾರಣಕ್ಕೆ. ಷೇರಿನ ಬೆಲೆಯನ್ನು ಅಲುಗಾಡಿಸುವಂಥ ಒಂದು ವಿಷಯ ನಿಮಗೆ ಗೊತ್ತಿದೆ. ಹೊರಗೆ ಯಾರಿಗೂ ಗೊತ್ತಿಲ್ಲ. ಅದು ಗೊತ್ತಿದ್ದುಕೊಂಡು ನೀವು ಮಾರಿದಿರಿ ಅಥವಾ ಕೊಂಡಿರಿ. ಅದು ತಪ್ಪು. ಬೇರೆಯವರ ಕಿವಿಗೆ ಹಾಕಿದರೂ ತಪ್ಪು. ಟೊರೊಂಟೊ ಇರುವ ಒಂಟಾರಿಯೋ ಪ್ರಾಂತ್ಯದ ಕಾನೂನಿನಲ್ಲಿ 5 ವರ್ಷದ ತನಕ ಜೈಲು ಇದೆ. ದಂಡ 50 ಲಕ್ಷ ಡಾಲರ್ ಅಥವಾ ಗಳಿಸಿದ್ದರ ಮೂರು ಪಟ್ಟು, ಯಾವುದು ಜಾಸ್ತಿಯೋ ಅಲ್ಲಿಯವರೆಗೂ ಹೋಗಬಹುದು. ಭಾರತದಲ್ಲಿ ಇದೇ ಕೆಲಸಕ್ಕೆ ಸೆಬಿಯ 2015ರ ನಿಯಮಗಳಿವೆ.

ಹಾಗಾಗಿ "ಒಳಗಿನವರು ಮಾರಿದರು" ಎಂಬುದು ಅರ್ಧ ವಾಕ್ಯ ಮಾತ್ರ. ಮಾರುವ ದಿನ ಅವರಿಗೆ ಏನು ಗೊತ್ತಿತ್ತು ಎಂಬುದು ಇನ್ನರ್ಧ. ಆ ಇನ್ನರ್ಧ ನಮ್ಮ ಕೈಗೆ ಸಿಗುವುದು ತುಂಬಾ ಅಪರೂಪ.

ಕ್ಯಾನ್‌ಟ್ರಸ್ಟ್ ಕಂಪನಿಯಲ್ಲಿ ಆದದ್ದೇನು? ಎಲ್ಲರೂ ಅದನ್ನೇ ಉದಾಹರಣೆ ಕೊಡುತ್ತಾರೆ.

ಕೊಡಬೇಕಾದ ಉದಾಹರಣೆಯೇ. ಆದರೆ ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಪೂರ್ತಿ ಹೇಳುತ್ತೇನೆ.

ಕ್ಯಾನ್‌ಟ್ರಸ್ಟ್ ಒಂಟಾರಿಯೋದ ಗಾಂಜಾ ಕಂಪನಿ. ನಯಾಗರ ಸೀಮೆಯ ಪೆಲ್ಹಮ್‌ನಲ್ಲಿ ದೊಡ್ಡ ಗಾಜಿನ ಮನೆ, ಅಂದರೆ ಗ್ರೀನ್‌ಹೌಸ್, ಇತ್ತು. ವಾನ್ ಊರಿನಲ್ಲಿ ಸಂಸ್ಕರಣೆ ಘಟಕ. 2019ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಷೇರುಪೇಟೆ ಸೇರಿತು. ಮೇ ತಿಂಗಳಲ್ಲಿ ಹೊಸ ಷೇರು ಮಾರಿ 17 ಕೋಟಿ ಅಮೆರಿಕನ್ ಡಾಲರ್ ಎತ್ತಿತು. ಒಂದು ಷೇರಿಗೆ ಐದೂವರೆ ಡಾಲರ್.

ಅದಾಗಿ ಎರಡು ತಿಂಗಳು. 2019ರ ಜುಲೈ 8ರಂದು ಕಂಪನಿಯೇ ಒಂದು ಪ್ರಕಟಣೆ ಹೊರಡಿಸಿತು. ಪೆಲ್ಹಮ್‌ನ ಐದು ಕೋಣೆಗಳಲ್ಲಿ 2018ರ ಅಕ್ಟೋಬರ್‌ನಿಂದ 2019ರ ಮಾರ್ಚ್ ತನಕ ಲೈಸೆನ್ಸ್ ಬರುವ ಮುಂಚೆಯೇ ಬೆಳೆ ತೆಗೆದಿದ್ದಾರೆ, ಹೆಲ್ತ್ ಕೆನಡಾ ಅದನ್ನು ಹಿಡಿದಿದೆ ಎಂದು. ಸುಮಾರು 5,200 ಕಿಲೋ ಮಾಲನ್ನು ಇಲಾಖೆ ತಡೆಹಿಡಿಯಿತು. ಇನ್ನೂ ಸುಮಾರು 7,500 ಕಿಲೋವನ್ನು ಕಂಪನಿ ತಾನಾಗಿ ಪಕ್ಕಕ್ಕಿಟ್ಟಿತು. ಷೇರು ಒಂದೇ ದಿನದಲ್ಲಿ ಶೇ 20ಕ್ಕಿಂತ ಜಾಸ್ತಿ ಕುಸಿಯಿತು. ಫೋಟೊ ತೆಗೆಯುವಾಗ ಗಿಡಗಳು ಕಾಣದಿರಲೆಂದು ಅಡ್ಡಗೋಡೆ ಕಟ್ಟಿದ್ದೆವು ಎಂದು ಹಿಂದೆ ಅಲ್ಲಿ ಕೆಲಸ ಮಾಡಿದ್ದ ಒಬ್ಬರು ಪತ್ರಿಕೆಗಳ ಮುಂದೆ ಹೇಳಿದರು.

ಆಮೇಲೆ ಇನ್ನೊಂದು ಸುದ್ದಿ ಬಂತು. ಈ ವಿಷಯ ಮೇಲಿನವರಿಗೆ 2018ರ ನವೆಂಬರ್‌ನಲ್ಲೇ ಇಮೇಲ್ ಮೂಲಕ ತಿಳಿದಿತ್ತು ಎಂದು ಪತ್ರಿಕೆಗಳು ಬರೆದವು. ಜುಲೈ 25ರಂದು ನಿರ್ದೇಶಕ ಮಂಡಳಿ ಸಿಇಒ ಪೀಟರ್ ಅಸೆಟೊ ಅವರನ್ನು ವಜಾ ಮಾಡಿತು, ಅಧ್ಯಕ್ಷ ಎರಿಕ್ ಪಾಲ್ ಅವರ ರಾಜೀನಾಮೆ ಕೇಳಿತು. ಆಗಸ್ಟ್‌ನಲ್ಲಿ ಲೆಕ್ಕಪರಿಶೋಧಕ ಸಂಸ್ಥೆ ಕೆಪಿಎಂಜಿ 2018ರ ಲೆಕ್ಕಕ್ಕೆ ತಾನು ಕೊಟ್ಟ ವರದಿಯನ್ನು ವಾಪಸ್ ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ಲೈಸೆನ್ಸ್ ಅಮಾನತಾಯಿತು. ಅಕ್ಟೋಬರ್‌ನಲ್ಲಿ ಸುಮಾರು 7.7 ಕೋಟಿ ಕೆನಡಾ ಡಾಲರ್ ಬೆಲೆಯ ಗಿಡ ಮತ್ತು ಮಾಲನ್ನು ನಾಶ ಮಾಡುವುದಾಗಿ ಕಂಪನಿ ಹೇಳಿತು. 2020ರ ಮಾರ್ಚ್ 31ಕ್ಕೆ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು.

2021ರ ಜೂನ್‌ನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಒಂಟಾರಿಯೋ ಸೆಕ್ಯುರಿಟೀಸ್ ಕಮಿಷನ್, ಅಂದರೆ ಒಎಸ್‌ಸಿ, ಆರೋಪ ಹೊರಿಸಿತು. ಅಸೆಟೊ, ಪಾಲ್ ಮತ್ತು ಉಪಾಧ್ಯಕ್ಷ ಮಾರ್ಕ್ ಲಿಟ್ವಿನ್ ಮೂವರ ಮೇಲೂ ವಂಚನೆಯ ಆರೋಪ. ಬೆಳೆಯುವ ಜಾಗದ ಸುಮಾರು ಅರ್ಧಕ್ಕೆ ಲೈಸೆನ್ಸ್ ಇಲ್ಲ ಎಂಬುದನ್ನು ಹೂಡಿಕೆದಾರರಿಗೆ ಹೇಳಲಿಲ್ಲ ಎಂದು. ಪಾಲ್ ಮತ್ತು ಲಿಟ್ವಿನ್ ಮೇಲೆ ಇನ್‌ಸೈಡರ್ ಟ್ರೇಡಿಂಗ್ ಆರೋಪವೂ ಇತ್ತು.

ಜನ ಇಲ್ಲಿಗೇ ಕಥೆ ಮುಗಿಸುತ್ತಾರೆ. 2022ರ ಡಿಸೆಂಬರ್‌ನಲ್ಲಿ ವಿಚಾರಣೆಯ ನಡುವೆಯೇ ಪ್ರಾಸಿಕ್ಯೂಷನ್ ಕಡೆಯವರು ಶಿಕ್ಷೆಯಾಗುವ ಸಾಧ್ಯತೆ ಉಳಿದಿಲ್ಲ ಎಂದು ಒಪ್ಪಿಕೊಂಡರು. ಕೋರ್ಟು ಮೂವರನ್ನೂ ಖುಲಾಸೆ ಮಾಡಿತು. ವಂಚನೆಯಿಂದಲೂ, ಇನ್‌ಸೈಡರ್ ಟ್ರೇಡಿಂಗ್‌ನಿಂದಲೂ. ಕ್ಯಾನ್‌ಟ್ರಸ್ಟ್ ಹೆಸರು ಎತ್ತುವವರು ಈ ಮಾತನ್ನೂ ಹೇಳಲೇಬೇಕು. ಮೂವರು ಮನುಷ್ಯರ ಹೆಸರಿನ ಪ್ರಶ್ನೆ ಇದು.

ಖುಲಾಸೆಯಾದರು ಅಂದಮೇಲೆ ಹೂಡಿಕೆದಾರರಿಗೆ ಅನ್ಯಾಯ ಆಗಲೇ ಇಲ್ಲ ಅಂತಲಾ?

ಹಾಗಲ್ಲ. ವ್ಯಕ್ತಿಯ ಅಪರಾಧ ಬೇರೆ, ಕಂಪನಿಯ ಹೊಣೆ ಬೇರೆ. ಹೂಡಿಕೆದಾರರು ಹಾಕಿದ ಸಾಮೂಹಿಕ ಮೊಕದ್ದಮೆಯಲ್ಲಿ ಕಂಪನಿ ತನ್ನ ಪಾಲಿಗೆ 5 ಕೋಟಿ ಕೆನಡಾ ಡಾಲರ್ ಕೊಡಲು 2021ರಲ್ಲಿ ಒಪ್ಪಿತು. ಕ್ರಿಮಿನಲ್ ಬಗೆಯ ಮೊಕದ್ದಮೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಿವಿಲ್ ಪರಿಹಾರಕ್ಕೆ ಅಷ್ಟು ಬೇಡ. ಮುಂದೆ ಕಂಪನಿ ಫೀನಾ ಎಂದು ಹೆಸರು ಬದಲಿಸಿಕೊಂಡಿತು. 2023ರ ಏಪ್ರಿಲ್‌ನಲ್ಲಿ ಮತ್ತೆ ಕೋರ್ಟಿನ ರಕ್ಷಣೆ ಕೇಳಿತು.

ನಿರ್ದೇಶಕರೊಬ್ಬರು ಷೇರು ಮಾರಿದ್ದಾರೆ ಅಂತ ಕಾಗದದಲ್ಲೇ ಇದೆ. ಅದನ್ನು ಹೇಗೆ ಓದುವುದು?

ನಿಧಾನವಾಗಿ ಓದಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮವರು ಹೇಳಿದ್ದು ಇಂಥದ್ದಕ್ಕೇ.

ಕೆನಡಾದ ಕಂಪನಿಗಳಿಗೆ ಸೆಡಿ ಎಂಬ ಸರ್ಕಾರಿ ತಾಣವಿದೆ. ಹೆಸರು ಹಾಕಿ ಹುಡುಕಿದರೆ ಯಾರು, ಯಾವತ್ತು, ಎಷ್ಟು, ಯಾವ ಬೆಲೆಗೆ ಅಂತ ಸಿಗುತ್ತದೆ. ಟಿಲ್ರೇಯಂಥ ಗಾಂಜಾ ಕಂಪನಿಗಳ ಒಳಗಿನವರು ಅಮೆರಿಕದ ನಿಯಮದಂತೆ ತಮ್ಮ ವಹಿವಾಟು ತಿಳಿಸುವ ಫಾರ್ಮ್ 4 ಸಲ್ಲಿಸುತ್ತಾರೆ. ಎರಡೂ ಪುಕ್ಕಟೆ.

ಫಾರ್ಮ್ 4ರಲ್ಲಿ ಪ್ರತಿ ಸಾಲಿಗೆ ಒಂದು ಅಕ್ಷರ ಇರುತ್ತದೆ. ಎಲ್ಲಾ ಗೊಂದಲ ಹುಟ್ಟುವುದು ಆ ಅಕ್ಷರ ನೋಡದೆ ಇರುವುದರಿಂದ. 'ಪಿ' ಅಂದರೆ ತನ್ನ ದುಡ್ಡಿನಿಂದ ಪೇಟೆಯಲ್ಲಿ ಕೊಂಡದ್ದು. 'ಎಸ್' ಅಂದರೆ ಮಾರಿದ್ದು. 'ಎ' ಅಂದರೆ ಕಂಪನಿ ಸಂಬಳದ ಭಾಗವಾಗಿ ಕೊಟ್ಟ ಷೇರು, ಅದಕ್ಕೆ ಅವರು ಕೈಯಿಂದ ಬಿಡಿಗಾಸು ಹಾಕಿಲ್ಲ. 'ಎಂ' ಅಂದರೆ ಹಳೆಯ ಆಪ್ಷನ್, ಅಂದರೆ ಮೊದಲೇ ಗೊತ್ತುಮಾಡಿದ ಬೆಲೆಗೆ ಷೇರು ಪಡೆಯುವ ಹಕ್ಕು, ಬಳಸಿ ಷೇರು ಮಾಡಿಕೊಂಡದ್ದು. 'ಎಫ್' ಅಂದರೆ ಷೇರು ಕೈಗೆ ಬಂದಾಗ ಕಟ್ಟಬೇಕಾದ ತೆರಿಗೆಗೆಂದು ಕಂಪನಿಯೇ ಹಿಡಿದುಕೊಂಡ ಪಾಲು.

ಈ 'ಎಫ್' ಸಾಲು ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದವರು ಕಡಿಮೆಯಿಲ್ಲ. "ಒಂದೇ ದಿನ ಐದು ಜನ ಅಧಿಕಾರಿಗಳು ಮಾರಿದ್ದಾರೆ!" ಅಂತ. ಐದು ಜನಕ್ಕೂ ಒಂದೇ ದಿನ ಷೇರು ಕೈಗೆ ಬಂದಿತ್ತು, ಐದು ಜನಕ್ಕೂ ಒಂದೇ ದಿನ ತೆರಿಗೆ ಕಟ್ಟಾಯಿತು, ಅಷ್ಟೇ. ಉಲ್ಟಾ ತಪ್ಪೂ ಆಗುತ್ತದೆ. 'ಎ' ಸಾಲು ನೋಡಿ "ಸಿಇಒ ಲಕ್ಷಗಟ್ಟಲೆ ಷೇರು ಕೊಂಡಿದ್ದಾರೆ, ಏನೋ ಒಳ್ಳೆ ಸುದ್ದಿ ಇದೆ" ಎಂದು ದುಡ್ಡು ಹಾಕುವವರಿದ್ದಾರೆ. ಅವರು ಕೊಂಡಿಲ್ಲ. ಅವರಿಗೆ ಕೊಟ್ಟಿದ್ದಾರೆ.

'ಎಸ್' ಇದ್ದರೂ ಕೆಳಗಿನ ಟಿಪ್ಪಣಿ ಓದಿ. ಮೊದಲೇ ಬರೆದಿಟ್ಟ ಯೋಜನೆಯಂತೆ ಮಾರಿದ್ದೇ ಎಂದು ಅಲ್ಲಿ ಇರುತ್ತದೆ. ಅಮೆರಿಕದಲ್ಲಿ ಇದಕ್ಕೆ 10ಬಿ5-1 ಯೋಜನೆ ಅನ್ನುತ್ತಾರೆ. 2023ರಿಂದ ನಿಯಮ ಬಿಗಿಯಾಗಿದೆ. ನಿರ್ದೇಶಕರು, ಅಧಿಕಾರಿಗಳು ಯೋಜನೆ ಮಾಡಿದ ಮೇಲೆ ಕನಿಷ್ಠ 90 ದಿನ ಕಾದೇ ಮಾರಬೇಕು.

ಇದೆಲ್ಲ ನೋಡಿದ ಮೇಲೂ ನಾನು ಹುಬ್ಬೇರಿಸುವುದು ಒಂದು ಸಂದರ್ಭದಲ್ಲಿ. ಯೋಜನೆ ಇಲ್ಲದೆ, ತನ್ನ ಬಳಿ ಇದ್ದುದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು, ಹಿಂದೆಂದೂ ಮಾರದ ವ್ಯಕ್ತಿ ಒಮ್ಮೆಲೇ ಮಾರಿದಾಗ. ಅದರಲ್ಲೂ ಹಣಕಾಸು ನೋಡುವ ಸಿಎಫ್‌ಒ ಹಾಗೆ ಮಾರಿ, ಮುಂದಿನ ತಿಂಗಳು ಕೆಲಸ ಬಿಟ್ಟರೆ. ಅದು ಕೂಡ ಅಪರಾಧದ ಸಾಕ್ಷಿ ಅಲ್ಲ. ನಾನು ಬ್ಯಾಲೆನ್ಸ್ ಶೀಟನ್ನು ಮತ್ತೊಮ್ಮೆ ತೆರೆದು ಕೂರಲು ಸಾಕಾದ ಕಾರಣ.

ಸುದ್ದಿ ಬರುವ ಹಿಂದಿನ ದಿನವೇ ಷೇರು ಬಿದ್ದಿತ್ತು. ಇದು ಸೋರಿಕೆ ಅಲ್ವಾ?

ಇರಬಹುದು. ಆದರೆ ಬೇರೆ ಕಾರಣಗಳೂ ಇರುತ್ತವೆ. ಷಾರ್ಟ್ ಮಾಡುವವರು, ಅಂದರೆ ಬೀಳುತ್ತದೆ ಎಂದು ಪಂದ್ಯ ಕಟ್ಟುವವರು, ಈ ಷೇರುಗಳಲ್ಲಿ ಯಾವತ್ತೂ ತುಂಬಿರುತ್ತಾರೆ. ಸೂಚ್ಯಂಕದಿಂದ ಷೇರು ಹೊರಬಿದ್ದರೆ ಫಂಡುಗಳು ಕಣ್ಣುಮುಚ್ಚಿ ಮಾರುತ್ತವೆ. ಪಕ್ಕದ ಗಾಂಜಾ ಕಂಪನಿಯ ಕೆಟ್ಟ ಫಲಿತಾಂಶ ಬಂದರೆ ಎಲ್ಲವೂ ಒಟ್ಟಿಗೆ ಜಾರುತ್ತವೆ. ಯಾರ ಖಾತೆಯಿಂದ ಮಾರಾಟ ಆಯಿತು ಎಂಬುದು ನಿಯಂತ್ರಕರಿಗೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. ನಕ್ಷೆಯ ಗೆರೆ ನೋಡಿ ಒಬ್ಬರನ್ನು ಕಳ್ಳ ಅನ್ನುವುದು ಬೇಡ.

ಒಳಗಿನವರ ವಿಷಯ ಬಿಡಿ. ಕಂಪನಿಯ ಹತ್ತಿರ ದುಡ್ಡು ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ನಿಜವಾಗಿ ಕೇಳಬೇಕಾದ ಪ್ರಶ್ನೆ ಇದು. ನಾನು ಕಳೆದುಕೊಂಡದ್ದು ಇದನ್ನು ಕೇಳದೆ. ನಾನು ಕೊಂಡ ಕಂಪನಿಯಲ್ಲಿ ಯಾರೂ ಏನೂ ಮುಚ್ಚಿಟ್ಟಿರಲಿಲ್ಲ. ಎಲ್ಲವೂ ತ್ರೈಮಾಸಿಕ ವರದಿಯಲ್ಲೇ ಇತ್ತು. ನಾನು ಓದಿರಲಿಲ್ಲ.

ಮೊದಲು ಲಾಭ-ನಷ್ಟದ ಪಟ್ಟಿಯನ್ನು ಪಕ್ಕಕ್ಕಿಡಿ. ಗಾಂಜಾ ಕಂಪನಿಗಳ ಲಾಭವನ್ನು ನಂಬುವುದು ಕಷ್ಟ. ಕೆನಡಾದ ಹಲವು ಕಂಪನಿಗಳು ಬಳಸುವ ಅಂತರರಾಷ್ಟ್ರೀಯ ಲೆಕ್ಕಪದ್ಧತಿಯಲ್ಲಿ ಬೆಳೆಯುತ್ತಿರುವ ಗಿಡಕ್ಕೂ ಬೆಲೆ ಕಟ್ಟುತ್ತಾರೆ. ಬೆಲೆ ಏರಿದರೆ ಅದು ಆ ತ್ರೈಮಾಸಿಕದ ಲಾಭಕ್ಕೆ ಸೇರುತ್ತದೆ. ಶುಂಠಿ ಇನ್ನೂ ಮಣ್ಣೊಳಗೇ ಇದೆ, ಕಿತ್ತಿಲ್ಲ, ತೂಕ ಹಾಕಿಲ್ಲ, ಮಂಡಿಗೆ ಒಯ್ದಿಲ್ಲ. ಆದರೂ ಈ ವರ್ಷ ಇಷ್ಟು ಲಕ್ಷ ಲಾಭ ಎಂದು ಡೈರಿಯಲ್ಲಿ ಬರೆದುಕೊಂಡ ಹಾಗೆ. ಇದು ನಿಯಮದಂತೆಯೇ ಸರಿ, ಮೋಸ ಅಲ್ಲ. ಆದರೆ ಮಾಲು ಮಾರಾಟವಾಗದೆ ಗೋದಾಮಿನಲ್ಲಿ ಕೂತರೆ, ಒಂದು ದಿನ ಆ ಬರೆದ ಲಾಭವನ್ನೆಲ್ಲ ಅಳಿಸಬೇಕಾಗುತ್ತದೆ.

ನೋಡಬೇಕಾದದ್ದು ನಗದು ಹರಿವಿನ ಪಟ್ಟಿ. ಅದರಲ್ಲಿ ದಿನನಿತ್ಯದ ವ್ಯವಹಾರದಿಂದ ಬಂದ ಅಥವಾ ಹೋದ ನಗದು ಎಂಬ ಸಾಲು ಇರುತ್ತದೆ. ಮೂರು ತಿಂಗಳಿಗೆ ಎಷ್ಟು ಹೋಯಿತು ನೋಡಿ. ಬ್ಯಾಂಕಿನಲ್ಲಿ ಎಷ್ಟು ಉಳಿದಿದೆ ನೋಡಿ. ಉದಾಹರಣೆಗೆ ಮೂರು ತಿಂಗಳಿಗೆ 2 ಕೋಟಿ ಹೋಗುತ್ತಿದೆ, ಕೈಯಲ್ಲಿ 5 ಕೋಟಿ ಇದೆ ಅಂದುಕೊಳ್ಳಿ. ಏಳೂವರೆ ತಿಂಗಳು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು. ಈ ಭಾಗಾಕಾರ ಮಾಡಲು ಯಾರ ಗುಟ್ಟೂ ಬೇಕಿಲ್ಲ.

ಆಮೇಲೆ ಸಾಲ ಯಾವಾಗ ತೀರಿಸಬೇಕು ನೋಡಿ. 12 ತಿಂಗಳೊಳಗೆ ಕೊಡಬೇಕಾದ ಸಾಲ ಕೈಯಲ್ಲಿರುವ ನಗದಿಗಿಂತ ದೊಡ್ಡದಿದ್ದರೆ ಏನೋ ಒಂದು ಆಗಲೇಬೇಕು. ಹೊಸ ಸಾಲ, ಹೊಸ ಷೇರು, ಇಲ್ಲವೇ ಆಸ್ತಿ ಮಾರಾಟ.

ಕೆನಡಾದ ಕಂಪನಿಯಾದರೆ ಅಬಕಾರಿ ಸುಂಕದ ಬಾಕಿಯನ್ನೂ ಹುಡುಕಿ. ಇಲ್ಲಿ ಒಣ ಗಾಂಜಾದ ಮೇಲೆ ಗ್ರಾಮಿಗೆ 1 ಡಾಲರ್ ಅಥವಾ ಬೆಲೆಯ ಶೇ 10, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು ಸುಂಕ. ಗ್ರಾಮಿಗೆ 10 ಡಾಲರ್ ಸಿಗುತ್ತದೆ ಎಂಬ ಲೆಕ್ಕದಲ್ಲಿ ಇದು ಹಗುರ. ಕಂಪನಿಗೆ ಸಿಗುವುದು 3 ಡಾಲರ್ ಆದಾಗ ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೇ ಹೋಯಿತು. ಕೈಯಲ್ಲಿ ದುಡ್ಡಿಲ್ಲದ ಕಂಪನಿ ಮೊದಲು ತಡಮಾಡುವುದು ಈ ಸುಂಕವನ್ನು. ಬಾಕಿ ಬೆಳೆಯುತ್ತಿದ್ದರೆ ಅದು ಜ್ವರ ನೋಡುವ ಥರ್ಮಾಮೀಟರ್ ಇದ್ದಂತೆ.

ಕೊನೆಗೆ, ವರದಿಯ ಮೊದಲ ಟಿಪ್ಪಣಿ ಅಥವಾ ಎರಡನೆಯದು. "ಕಂಪನಿ ಮುಂದುವರಿಯುವ ಬಗ್ಗೆ ಗಣನೀಯ ಅನುಮಾನವಿದೆ" ಎಂಬ ಅರ್ಥದ ಒಂದು ವಾಕ್ಯ ಅಲ್ಲಿ ಇರಬಹುದು. ಇದಕ್ಕೆ ಗೋಯಿಂಗ್ ಕನ್ಸರ್ನ್ ಟಿಪ್ಪಣಿ ಅನ್ನುತ್ತಾರೆ. ಈ ವಾಕ್ಯ ಕಂಡ ಕೂಡಲೇ ಕಂಪನಿ ಮುಳುಗುತ್ತದೆ ಅಂತಲ್ಲ. ಆದರೆ ಅದನ್ನು ಆಡಳಿತ ಮಂಡಳಿ ಖುಷಿಯಿಂದ ಬರೆದಿರುವುದಿಲ್ಲ. ಅದನ್ನು ಓದಿದ ಮೇಲೂ ಇಟ್ಟುಕೊಂಡರೆ, ತಿಳಿದೇ ಇಟ್ಟುಕೊಂಡಿರಿ ಎಂದಾಯಿತು.

ಇಷ್ಟು ಹೇಳಿ ಒಂದು ಮಾತು ಸೇರಿಸಲೇಬೇಕು. ಕ್ಯಾನ್‌ಟ್ರಸ್ಟ್ ಕೈಯಲ್ಲಿ 2019ರ ಬೇಸಿಗೆಯಲ್ಲಿ ಸಾಕಷ್ಟು ದುಡ್ಡಿತ್ತು. ಈ ಯಾವ ಪರೀಕ್ಷೆಯೂ ಅಲ್ಲಿನ ತೊಂದರೆಯನ್ನು ತೋರಿಸುತ್ತಿರಲಿಲ್ಲ. ಹಾಗಾಗಿ ಎಲ್ಲಾ ದುಡ್ಡನ್ನೂ ಒಂದೇ ಕಂಪನಿಯಲ್ಲಿ ಇಟ್ಟವರಿಗೆ ಯಾವ ಓದೂ ಪೂರ್ತಿ ರಕ್ಷಣೆ ಕೊಡುವುದಿಲ್ಲ.

ಷೇರು ಬೆಲೆ ಬೀಳುತ್ತಲೇ ಇದೆ. ಯಾರೋ ದಿನಾ ಮಾರುತ್ತಿದ್ದಾರೆ ಅನಿಸುತ್ತೆ. ಯಾರು?

ಬಹಳ ಸಲ ಮಾರುತ್ತಿರುವುದು ಕಂಪನಿಯೇ. 'ಅಟ್ ದಿ ಮಾರ್ಕೆಟ್' ಎಂಬ ವ್ಯವಸ್ಥೆ ಇದೆ. ಹೊಸ ಷೇರು ಮುದ್ರಿಸಿ ದಿನಕ್ಕೆ ಸ್ವಲ್ಪ ಸ್ವಲ್ಪ ಪೇಟೆಯಲ್ಲಿ ಬಿಡುವುದು. ಇದನ್ನು ಮುಂಚಿತವಾಗಿ ದಾಖಲೆ ಸಲ್ಲಿಸಿಯೇ ಮಾಡುತ್ತಾರೆ. ನಿಮ್ಮ ಪಾಲು ಮಾತ್ರ ದಿನದಿನಕ್ಕೆ ತೆಳ್ಳಗಾಗುತ್ತದೆ, ಹಾಲಿಗೆ ನೀರು ಸೇರಿದ ಹಾಗೆ. ಕಳೆದ ವರ್ಷ ಒಟ್ಟು ಷೇರು ಎಷ್ಟಿತ್ತು, ಈಗ ಎಷ್ಟಿದೆ, ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದು ನೋಡಿ. "ಒಳಗಿನವರು ಮಾರುತ್ತಿದ್ದಾರೆ" ಎಂಬ ಎಷ್ಟೋ ಅನುಮಾನಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ರಿವರ್ಸ್ ಸ್ಪ್ಲಿಟ್ ಆಯಿತು. ನನ್ನ ಷೇರುಗಳೆಲ್ಲ ಎಲ್ಲಿ ಹೋದವು?

ಎಲ್ಲೂ ಹೋಗಿಲ್ಲ, ಒಟ್ಟು ಸೇರಿದವು. ಹತ್ತು ರೂಪಾಯಿಯ ಹತ್ತು ನೋಟು ಕೊಟ್ಟು ನೂರರ ಒಂದು ನೋಟು ತಂದ ಹಾಗೆ. ಆ ದಿನ ನಿಮಗೆ ನಷ್ಟವಿಲ್ಲ. ಅಮೆರಿಕದ ನಾಸ್ಡಾಕ್ ಪೇಟೆಯಲ್ಲಿ ಷೇರು 30 ಕೆಲಸದ ದಿನ ಸತತ 1 ಡಾಲರ್‌ಗಿಂತ ಕೆಳಗಿದ್ದರೆ ಎಚ್ಚರಿಕೆ ಪತ್ರ ಬರುತ್ತದೆ. ಅದನ್ನು ತಪ್ಪಿಸಲು ಕಂಪನಿಗಳು ಹೀಗೆ ಮಾಡುತ್ತವೆ. ಅರೋರಾ ಕಂಪನಿ 2020ರಲ್ಲಿ 12ಕ್ಕೆ 1, 2024ರಲ್ಲಿ 10ಕ್ಕೆ 1 ಮಾಡಿತು. 2019ರಲ್ಲಿ 1,200 ಷೇರು ಇದ್ದವರ ಬಳಿ ಈಗ 10 ಷೇರು. ಕ್ಯಾನೊಪಿ ಗ್ರೋತ್ 2023ರ ಡಿಸೆಂಬರ್‌ನಲ್ಲಿ 10ಕ್ಕೆ 1 ಮಾಡಿತು. ಹಳೆಯ ನಕ್ಷೆ ನೋಡುವಾಗ ಇದು ನೆನಪಿರಲಿ. ಹಳೆಯ ಬೆಲೆಯನ್ನೂ ಈಗಿನ ಷೇರಿನ ಲೆಕ್ಕಕ್ಕೆ ಹಿಗ್ಗಿಸಿ ತೋರಿಸಿರುತ್ತಾರೆ, ಅಲ್ಲಿ ಕಾಣುವ ಸಾವಿರ ಮೀರಿದ ಡಾಲರ್ ಬೆಲೆಗೆ ಯಾರೂ ಆ ಷೇರು ಕೊಂಡಿರಲಿಲ್ಲ.

ಇಷ್ಟು ದೊಡ್ಡ ಕಂಪನಿಗಳು ಇಷ್ಟು ಬೇಗ ಸೊರಗಿದ್ದು ಯಾಕೆ? ಒಳಗೆ ಏನೋ ನಡೆದೇ ಇರಬೇಕು.

ಶುಂಠಿಗೆ ದರ ಬಂದ ವರ್ಷ ಊರಿಗೆ ಊರೇ ಶುಂಠಿ ಹಾಕಿ, ಮರುವರ್ಷ ಕಿತ್ತ ಕೂಲಿಯೂ ಗಿಟ್ಟದೆ ಬಿಟ್ಟದ್ದನ್ನು ಮಲೆನಾಡಿನವರು ನೋಡಿದ್ದಾರೆ. ಇಲ್ಲಿ ಆದದ್ದೂ ಅದೇ, ದುಡ್ಡು ಮಾತ್ರ ಜಾಸ್ತಿ.

2018ರಲ್ಲಿ ಎಲ್ಲರೂ ಗ್ರೀನ್‌ಹೌಸ್ ಕಟ್ಟಿದರು. ಒಂಟಾರಿಯೋದಲ್ಲಿ ಅಂಗಡಿಗಳು ತೆರೆಯುವುದು ತಡವಾಯಿತು. ಬೆಳೆದವರು ಸಾವಿರಾರು ಕಿಲೋ, ಮಾರಲು ಬಾಗಿಲು ಬೆರಳೆಣಿಕೆ. ಕಳ್ಳಪೇಟೆ ಮಾಯವಾಗಲಿಲ್ಲ. ಬೆಲೆ ಇಳಿಯುತ್ತಾ ಹೋಯಿತು, ಸುಂಕ ಇಳಿಯಲಿಲ್ಲ.

ಕ್ಯಾನೊಪಿಯನ್ನೇ ನೋಡಿ. ಒಂಟಾರಿಯೋದ ಸ್ಮಿತ್ಸ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಹರ್ಷೀಸ್ ಚಾಕೊಲೇಟ್ ಕಾರ್ಖಾನೆ ಮುಚ್ಚಿತ್ತು. ಕ್ಯಾನೊಪಿ ಅಲ್ಲಿ ನೆಲೆಯೂರಿತು. ಊರಿಗೆ ಮತ್ತೆ ಕೆಲಸ ಬಂತು. 2018ರಲ್ಲಿ ಕೊರೊನಾ ಬಿಯರ್ ಮಾರುವ ಕಾನ್‌ಸ್ಟಲೇಷನ್ ಬ್ರಾಂಡ್ಸ್ 500 ಕೋಟಿ ಕೆನಡಾ ಡಾಲರ್ ಹೂಡುವುದಾಗಿ ಘೋಷಿಸಿತು. 2023ರ ಮಾರ್ಚ್‌ಗೆ ಮುಗಿದ ಒಂದು ಹಣಕಾಸು ವರ್ಷದಲ್ಲಿ ಕ್ಯಾನೊಪಿಯ ನಷ್ಟ ಸುಮಾರು 330 ಕೋಟಿ ಕೆನಡಾ ಡಾಲರ್. ಅದರಲ್ಲಿ ದೊಡ್ಡ ಪಾಲು ಹಿಂದೆ ದುಬಾರಿ ಬೆಲೆಗೆ ಕೊಂಡ ಕಂಪನಿಗಳ, ಆಸ್ತಿಗಳ ಬೆಲೆಯನ್ನು ಪುಸ್ತಕದಿಂದ ಹೊಡೆದುಹಾಕಿದ್ದು. ಅದೇ ವರ್ಷ ಆ ಕಾರ್ಖಾನೆಯನ್ನು ಹರ್ಷೀಸ್‌ಗೇ ಸುಮಾರು 5.3 ಕೋಟಿ ಡಾಲರ್‌ಗೆ ವಾಪಸ್ ಮಾರಿದರು. ನನಗೆ ಷೇರಿನ ನಕ್ಷೆಗಿಂತ ಆ ಊರಿನ ಕೆಲಸಗಾರರ ನೆನಪು ಜಾಸ್ತಿ ಕಾಡುತ್ತದೆ. ಎರಡು ಸಲ ಒಂದೇ ಕಟ್ಟಡದ ಬಾಗಿಲು ಮುಚ್ಚುವುದನ್ನು ಅವರು ನೋಡಿದರು.

ಬೆಲೆಯ ಹುಚ್ಚೂ ಇತ್ತು. ಟಿಲ್ರೇ 2018ರ ಜುಲೈನಲ್ಲಿ 17 ಡಾಲರ್‌ಗೆ ಷೇರು ಮಾರಿತು. ಸೆಪ್ಟೆಂಬರ್ 19ರಂದು ಅದೇ ಷೇರು ಒಂದು ಗಳಿಗೆ 300 ಡಾಲರ್ ಮುಟ್ಟಿತು. ಎರಡು ತಿಂಗಳಲ್ಲಿ ಬೆಳೆ ಹದಿನೇಳು ಪಟ್ಟು ಬೆಳೆದಿರಲಿಲ್ಲ. ಬೆಳೆದದ್ದು ನಮ್ಮ ಆಸೆ.

ಅಮೆರಿಕದಲ್ಲಿ ಕಾನೂನು ಸಡಿಲ ಆಗುತ್ತೆ ಅಂದಾಗಲೆಲ್ಲ ಈ ಷೇರು ಏರುತ್ತಲ್ಲ?

ಏರುತ್ತದೆ, ಆಮೇಲೆ ಇಳಿಯುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಗಾಂಜಾವನ್ನು ನಿಯಂತ್ರಿತ ಮಾದಕ ವಸ್ತುಗಳ ಅತಿ ಬಿಗಿಯಾದ ಮೊದಲನೇ ಪಟ್ಟಿಯಿಂದ ಅಷ್ಟು ಬಿಗಿಯಲ್ಲದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾಪ ಮಾಡಿತು. ಆ ಬದಲಾವಣೆಯ ದೊಡ್ಡ ಅನುಕೂಲ ತೆರಿಗೆಯದ್ದು. 280ಇ ಎಂಬ ತೆರಿಗೆ ಕಲಮಿನಿಂದ, ಗಾಂಜಾ ಮೊದಲನೇ ಪಟ್ಟಿಯಲ್ಲಿರುವ ತನಕ ಅಲ್ಲಿನ ಗಾಂಜಾ ಅಂಗಡಿಗಳು ಬಾಡಿಗೆ, ಸಂಬಳವನ್ನೂ ಖರ್ಚಿಗೆ ಕಳೆಯುವಂತಿಲ್ಲ. ಆ ಭಾರ ಇರುವುದು ಅಮೆರಿಕದಲ್ಲಿ ಮಾರುವವರಿಗೆ. ಕೆನಡಾದಲ್ಲಿ ಬೆಳೆದು ಕೆನಡಾದಲ್ಲಿ ಮಾರುವ ಕಂಪನಿಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳಿಕೊಳ್ಳಿ.

ಕಂಪನಿ ಸಿಸಿಎಎಗೆ ಹೋಯಿತು. ನನ್ನ ಷೇರಿನ ಗತಿ ಏನು?

ಸಿಸಿಎಎ ಅಂದರೆ 50 ಲಕ್ಷ ಕೆನಡಾ ಡಾಲರ್‌ಗಿಂತ ಜಾಸ್ತಿ ಸಾಲ ಇರುವ ಕಂಪನಿಗೆ ಕೋರ್ಟು ಕೊಡುವ ಉಸಿರಾಡುವ ಸಮಯ. ಸಾಲ ಕೊಟ್ಟವರು ಸ್ವಲ್ಪ ಕಾಲ ಮುಟ್ಟುವಂತಿಲ್ಲ. ದುಡ್ಡು ಹಂಚುವಾಗ ಸಾಲುಗಟ್ಟಿ ನಿಲ್ಲಿಸುತ್ತಾರೆ. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರು ಮುಂದೆ, ಸಾಲ ಕೊಟ್ಟ ಉಳಿದವರು ಅವರ ಹಿಂದೆ. ಷೇರುದಾರರು ಸಾಲಿನ ಕಟ್ಟಕಡೆ. ಸಾಮಾನ್ಯವಾಗಿ ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ. ಈ ಹೊತ್ತಿನಲ್ಲಿ ಎರಡು ಸೆಂಟಿಗೆ ಸಿಗುತ್ತದೆ ಎಂದು ಇನ್ನಷ್ಟು ಕೊಳ್ಳಬೇಡಿ. ಕೋರ್ಟು ನೇಮಿಸಿದ ಮಾನಿಟರ್ ಎಲ್ಲಾ ಕಾಗದವನ್ನೂ ತಮ್ಮ ತಾಣದಲ್ಲಿ ಹಾಕುತ್ತಾರೆ. ಮೊದಲು ಅವರ ಮೊದಲ ವರದಿ ಓದಿ.

ನಾನು ಐಟಿಯಲ್ಲಿದ್ದೇನೆ. ಇಂಥ ಒಂದು ಕಂಪನಿಯ ಲೆಕ್ಕದ ಸಾಫ್ಟ್‌ವೇರ್ ನಾವೇ ನೋಡಿಕೊಳ್ಳುತ್ತೇವೆ. ನಾನು ಒಳಗಿನವನಾ?

ಹೌದು ಅಂತಲೇ ನಡೆದುಕೊಳ್ಳಿ. ಬೆಂಗಳೂರಿನಲ್ಲಿ ಕೂತು ರಾತ್ರಿ ಪಾಳಿಯಲ್ಲಿ ಕ್ಲೈಂಟಿನ ಸರ್ವರ್ ನೋಡುವ ಹುಡುಗರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಬೇಡ. ಸಿಇಒ ಆಗಿರಬೇಕು ಅಂತೇನಿಲ್ಲ. ಕಂಪನಿಗೆ ಕೆಲಸ ಮಾಡಿಕೊಡುವವರು, ಅಂಥವರಿಂದ ಕೇಳಿ ತಿಳಿದವರು, ಎಲ್ಲರನ್ನೂ ಕೆನಡಾ ಕಾನೂನು ಗುಟ್ಟು ತಿಳಿದು ಷೇರು ಮುಟ್ಟಬಾರದವರ ಸಾಲಿಗೇ ಸೇರಿಸುತ್ತದೆ. ಫಲಿತಾಂಶ ಹೊರಬೀಳುವ ಮುಂಚೆ ಅಂಕಿ ನಿಮ್ಮ ಪರದೆಯ ಮೇಲೆ ಬಂದಿದ್ದರೆ ಆ ಷೇರು ಮುಟ್ಟಬೇಡಿ. ಭಾವನಿಗೂ ಹೇಳಬೇಡಿ, ರೂಮ್‌ಮೇಟಿಗೂ ಹೇಳಬೇಡಿ.

ನಿಜವಾಗಿಯೂ ತಪ್ಪು ನಡೆದಿದೆ ಎಂಬ ಆಧಾರ ನನ್ನ ಹತ್ತಿರ ಇದೆ. ಯಾರಿಗೆ ಹೇಳಲಿ?

ಒಂಟಾರಿಯೋದ ಕಂಪನಿಯಾದರೆ ಒಎಸ್‌ಸಿಗೆ. ಅವರ ಬಳಿ ಮಾಹಿತಿದಾರರ ವಿಭಾಗವಿದೆ. ವಕೀಲರ ಮೂಲಕ ಹೆಸರು ಹೇಳದೆಯೂ ಕೊಡಬಹುದು. ನಿಮ್ಮ ಮಾಹಿತಿಯಿಂದ ದೊಡ್ಡ ದಂಡ ವಸೂಲಾದರೆ 50 ಲಕ್ಷ ಡಾಲರ್ ತನಕ ಬಹುಮಾನವೂ ಇದೆ. ಅಮೆರಿಕದಲ್ಲಿ ನೋಂದಾದ ಕಂಪನಿಯಾದರೆ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ. ಊಹೆ ಬರೆಯಬೇಡಿ. ತಾರೀಕು, ಕಾಗದ, ನೀವು ಕಣ್ಣಾರೆ ಕಂಡದ್ದು, ಇಷ್ಟು ಸಾಕು.

ನಷ್ಟಕ್ಕೆ ತೆರಿಗೆಯಲ್ಲಿ ಏನಾದರೂ ಸಿಗುತ್ತಾ?

ಕೆನಡಾದಲ್ಲಿ ಟಿಎಫ್‌ಎಸ್‌ಎ ಎಂಬ ತೆರಿಗೆಯಿಲ್ಲದ ಉಳಿತಾಯ ಖಾತೆಯೊಳಗೆ ಕೊಂಡಿದ್ದರೆ ಏನೂ ಸಿಗುವುದಿಲ್ಲ. ನಷ್ಟ ಲೆಕ್ಕಕ್ಕಿಲ್ಲ, ಆ ಖಾತೆಗೆ ದುಡ್ಡು ಹಾಕಲು ಇದ್ದ ಅಷ್ಟು ಮಿತಿಯೂ ಹೋಯಿತು. ನನ್ನದು ಅಲ್ಲೇ ಇತ್ತು. ಸಾಮಾನ್ಯ ಖಾತೆಯಲ್ಲಿದ್ದರೆ ನಷ್ಟದ ಅರ್ಧವನ್ನು ಬೇರೆ ಬಂಡವಾಳ ಲಾಭದ ಎದುರು ಕಳೆಯಬಹುದು. ಹಿಂದಿನ 3 ವರ್ಷಕ್ಕೂ ಒಯ್ಯಬಹುದು, ಮುಂದಕ್ಕೆ ಎಷ್ಟು ವರ್ಷವಾದರೂ ಇಟ್ಟುಕೊಳ್ಳಬಹುದು. ಮಾರುವ ದಿನದ ಹಿಂದೆ ಮುಂದೆ 30 ದಿನದೊಳಗೆ ನೀವಾಗಲಿ, ನಿಮ್ಮ ಗಂಡ ಅಥವಾ ಹೆಂಡತಿಯಾಗಲಿ ಅದೇ ಷೇರು ಕೊಂಡು ಇಟ್ಟುಕೊಂಡರೆ ಆ ನಷ್ಟ ಸದ್ಯಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಭಾರತದಲ್ಲಿ ಕೂತು ವಿದೇಶಿ ಷೇರು ಕೊಂಡವರು ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎ ತುಂಬಬೇಕು. ಬೆಲೆ ಶೂನ್ಯಕ್ಕೆ ಹತ್ತಿರ ಬಂದಿದ್ದರೂ ತುಂಬಬೇಕು. ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ.

ಹಾಗಾದರೆ ಈಗ ಮಾರಲಾ, ಇಟ್ಟುಕೊಳ್ಳಲಾ?

ಅದನ್ನು ನಾನು ಹೇಳಲಾರೆ. ನಿಮ್ಮ ಸಾಲ, ನಿಮ್ಮ ಮಕ್ಕಳ ಫೀಸು, ನಿಮ್ಮ ವಯಸ್ಸು ನನಗೆ ಗೊತ್ತಿಲ್ಲ. ನಾನು ಮಾಡಿದ್ದನ್ನು ಹೇಳುತ್ತೇನೆ. ಒಂದು ಭಾನುವಾರ ಬೆಳಗ್ಗೆ ನನ್ನ ಕಂಪನಿಯ ಹಿಂದಿನ ನಾಲ್ಕು ತ್ರೈಮಾಸಿಕ ವರದಿ ತೆಗೆದು, ಒಂದು ಹಾಳೆಯಲ್ಲಿ ಮೂರು ಸಾಲು ಬರೆದೆ: ಬ್ಯಾಂಕಿನಲ್ಲಿರುವ ನಗದು, ಮೂರು ತಿಂಗಳಲ್ಲಿ ಹೋದ ನಗದು, ಒಟ್ಟು ಷೇರುಗಳ ಸಂಖ್ಯೆ. ಮೊದಲ ಸಾಲು ಇಳಿಯುತ್ತಿತ್ತು, ಮೂರನೆಯದು ಏರುತ್ತಿತ್ತು. ಕಾಫಿ ಆರುವ ಮುಂಚೆ ಹಾಳೆ ಮುಗಿದಿತ್ತು. ಸೋಮವಾರ ಪೇಟೆ ತೆರೆದ ಕೂಡಲೇ ಮಾರಿದೆ.